ಪಾರ್ಕಿನ ಬೆಂಚಿನಲ್ಲಿ ಮೂರನೆಯವಳು

“ನಂದೂ ಒಂದು ಫೋಟೋ ತೆಗೀರಪ್ಪಾ, ಹತ್ರ ಬನ್ನಿ.”

ಬೆಂಗಳೂರಿನ ಒಂದು ದೊಡ್ಡ ಪಾರ್ಕಿನಲ್ಲಿ, ಗುರುತು ಪರಿಚಯವಿಲ್ಲದ ಇಬ್ಬರು ಯುವಕರನ್ನು ನಾನು ಹೀಗೆ ಕೂಗಿ ಕರೆದೆ. ಧ್ವನಿ ಗಟ್ಟಿಯಾಗಿಯೇ ಇತ್ತು. ಕೊನೇ ಬೆಂಚಿನವರಿಗೂ ಕೇಳಿಸಲೆಂದು ಕ್ಲಾಸಿನಲ್ಲಿ ಬೆಳೆಸಿಕೊಂಡ ಧ್ವನಿ. ಆದರೆ ಒಳಗೆ ಹೆದರಿಕೆಯಿತ್ತು. ಆ ಹೆದರಿಕೆ ಈಗಲೂ ಪೂರ್ತಿ ಹೋಗಿಲ್ಲ. ಅದಕ್ಕೇ ಈ ವಾರದ ಅಂಕಣಕ್ಕೆ ಬೇರೆ ಏನೂ ಬರೆಯಲು ತೋಚುತ್ತಿಲ್ಲ.

ಮೊದಲಿನಿಂದ ಹೇಳುತ್ತೇನೆ.

ಬೇಲೂರಿನ ಕಾಲೇಜಿನಲ್ಲಿ ಪಾಠ, ಅರಸೀಕೆರೆಯಲ್ಲಿ ಮನೆ, ಎರಡರ ನಡುವೆ ಬಸ್ಸು. ನನ್ನ ಬದುಕು ಇಷ್ಟೇ ಎಂಬುದು ನಿಮಗೆ ಗೊತ್ತಿದೆ. ಬೇಸಿಗೆ ಬಂತೆಂದರೆ ಮಾತ್ರ ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಹೋಗುತ್ತೇನೆ. ದಿನವಿಡೀ ಫ್ಯಾನಿನ ಕೆಳಗೆ ಕುಳಿತು ಉತ್ತರ ಪತ್ರಿಕೆ ತಿದ್ದುವ ಕೆಲಸ. (ಮಕ್ಕಳ ಕೈಬರಹದ ಬಗ್ಗೆ ಮತ್ತೆ ಗೊಣಗುವುದಿಲ್ಲ, ಹೆದರಬೇಡಿ.) ಸಂಜೆಯಾದರೆ ಜೊತೆಯ ಮೇಡಂಗಳು ಸೀರೆ ಅಂಗಡಿಗೆ ಹೊರಡುತ್ತಾರೆ. ನಾನು ಪಾರ್ಕಿಗೆ ಹೋಗುತ್ತೇನೆ.

“ನಿಮ್ಮ ಕಡೆ ಇಲ್ಲದ ಮರಾನಾ ಇಲ್ಲಿ ನೋಡ್ತೀರಾ?” ಎಂದು ಅವರು ನಗುತ್ತಾರೆ. ನಮ್ಮ ಕಡೆ ಮರಕ್ಕೇನು ಬರ? ಕಣಕಟ್ಟೆ ಕಡೆ ಹೋದರೆ ಕಣ್ಣು ಹಾಯಿಸಿದಷ್ಟೂ ತೆಂಗು. ಆದರೆ ತೋಟದಲ್ಲಿ ಸುಮ್ಮನೆ ಕೂರಲು ಬಿಡುತ್ತಾರೆಯೇ? ಬಿದ್ದ ಗರಿ ಎಳೆದು ಹಾಕು, ನೀರು ತಿರುಗಿಸು, ಕಾಯಿ ಆರಿಸು. ಇನ್ನು ಊರೊಳಗೆ ಹೆಂಗಸೊಬ್ಬಳು ಒಂದು ಕಡೆ ಕೈಕಟ್ಟಿ ಕುಳಿತಳೋ, ಮುಗಿಯಿತು. ಹಳೇ ಸ್ಟೂಡೆಂಟ್ ಯಾರಾದರೂ ಬೈಕ್ ನಿಲ್ಲಿಸಿಯೇ ಬಿಡುತ್ತಾನೆ. “ಯಾಕ್ ಮೇಡಂ, ಬಸ್ ಮಿಸ್ಸಾಯ್ತಾ?”

ಬಸ್ ಮಿಸ್ಸಾಗದೆ ನಾವು ಕೂರುವ ಹಾಗೇ ಇಲ್ಲ.

ಬೆಂಗಳೂರಿನ ಪಾರ್ಕಿನಲ್ಲಿ ಯಾರೂ ಏನೂ ಕೇಳುವುದಿಲ್ಲ. ಛತ್ರಿಯಂತೆ ಹರಡಿದ ಹಳೇ ಮಳೆಮರಗಳು. ಅವುಗಳ ಕೆಳಗೆ ಪೇಪರನ್ನು ಮುಖಕ್ಕೆ ಹೊದ್ದು ನಿದ್ದೆ ಮಾಡುವವರು. ಕೈ ಬೀಸಿಕೊಂಡು ಸುತ್ತು ಹಾಕುವ ರಿಟೈರ್ಡ್ ದಂಪತಿ. ಅವರು ಮುಂದೆ, ಅವರ ಜಗಳ ಹಿಂದೆ. ಜಾರುಬಂಡೆಯಿಂದ ಇಳಿಯಲಾರೆನೆಂದು ಅಳುವ ಮಗು. ಮಾವಿನಕಾಯಿ ಹೋಳಿಗೆ ಉಪ್ಪು ಖಾರ ಸವರಿಸಿಕೊಂಡು ಒಂದು ಬೆಂಚು ಹಿಡಿದರೆ ಕತ್ತಲಾಗುವ ತನಕ ನಾನು ಯಾರ ಮೇಡಮ್ಮೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಇದಕ್ಕಿಂತ ಸುಖ ಬೇಕೆ?

ಈ ಸುಖವನ್ನು ನನ್ನ ಅಣ್ಣನ ಮಗಳಿಗೂ ಹತ್ತಿಸಿದವಳು ನಾನೇ.

ಅವಳನ್ನು ಇಲ್ಲಿ ಕೀರ್ತನಾ ಎನ್ನುತ್ತೇನೆ. (ನಿಜವಾದ ಹೆಸರು ಬೇರೆ. ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ.) ಅಣ್ಣ ಇರುವುದು ಬಾಣಾವರದಲ್ಲಿ. ತೆಂಗಿನ ತೋಟವಿದೆ, ಕೊಬ್ಬರಿ ವ್ಯಾಪಾರವೂ ಇದೆ. ಮಗಳು ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಹಾಸ್ಟೆಲಿನಲ್ಲಿದ್ದಾಳೆ. ನಾನು ಹೋದಾಗಲೆಲ್ಲ ನಾವಿಬ್ಬರೂ ಸಿಗುವುದು ಆ ಪಾರ್ಕಿನಲ್ಲೇ. ಈ ಸಲವೂ ಫೋನ್ ಮಾಡಿದ್ದಳು. “ಅತ್ತೆ, ಆರು ಗಂಟೆಗೆ ಬನ್ನಿ. ಬಿದಿರು ಮೆಳೆ ಹತ್ರ ಬೆಂಚ್ ಇದೆಯಲ್ಲ, ಅಲ್ಲೇ ಇರ್ತೀನಿ.”

ಆ ದಿನ ಪತ್ರಿಕೆಗಳ ಕಟ್ಟು ಬೇಗ ಮುಗಿಯಿತು. ನಾನು ಆರಕ್ಕಿಂತ ಬಹಳ ಮುಂಚೆಯೇ ಪಾರ್ಕು ಸೇರಿದೆ.

ದೂರದಿಂದಲೇ ಕೀರ್ತನಾ ಕಂಡಳು. ಪಕ್ಕದಲ್ಲಿ ಒಬ್ಬ ಹುಡುಗ. ಅವಳು ಅವನ ಭುಜಕ್ಕೆ ತಲೆಯಾನಿಸಿ ಕುಳಿತಿದ್ದಳು. ಅವನು ಏನೋ ಹೇಳಿದ. ಅವಳು ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕಳು. ಹಾಗೆ ನಗುವುದನ್ನು ನಾನು ಬಾಣಾವರದ ಮನೆಯಲ್ಲಿ ಒಂದು ದಿನವೂ ನೋಡಿಲ್ಲ.

ಆಮೇಲೆ ಬಿದಿರಿನ ಮರೆಯಲ್ಲಿ ನಿಂತಿದ್ದ ಇಬ್ಬರು ಯುವಕರು ಕಂಡರು. ಒಬ್ಬನ ಕೈಯಲ್ಲಿ ಫೋನ್. ಅದು ನೆಟ್ಟಗೆ ಆ ಬೆಂಚಿನ ಕಡೆ ತಿರುಗಿತ್ತು. ಇನ್ನೊಬ್ಬ ಸ್ಕ್ರೀನ್ ನೋಡುತ್ತಾ ಅವನನ್ನು ಮೊಣಕೈಯಿಂದ ತಿವಿಯುತ್ತಿದ್ದ.

ನನಗೆ ಮೊದಲು ಸಿಟ್ಟು ಬಂದದ್ದು ಯಾರ ಮೇಲೆ ಗೊತ್ತೇ? ಕೀರ್ತನಾಳ ಮೇಲೆ. ಇವಳಿಗೆ ಬುದ್ಧಿ ಬೇಡವೇ, ನಾಲ್ಕು ಜನ ಓಡಾಡುವ ಜಾಗ ಎಂದುಕೊಂಡೆ. ಮರುಕ್ಷಣ ಹೊಳೆಯಿತು. ಇದು ಅಣ್ಣನ ಫೋನಿಗೆ ಬಂದರೆ?

ಕಾಲು ತಾನಾಗಿ ನಡೆಯಿತು. ಹೋದವಳೇ ಅವರಿಬ್ಬರ ಪಕ್ಕ ಧೊಪ್ಪನೆ ಕುಳಿತೆ. “ಸರ್ಕೊಳೇ, ಬಿಸಿಲಲ್ಲಿ ನಡೆದು ಸಾಕಾಯ್ತು” ಎಂದೆ. ಕೀರ್ತನಾ ಬೆಚ್ಚಿಬಿದ್ದು ನೆಟ್ಟಗಾದಳು. ಹುಡುಗ ಎದ್ದೇ ನಿಂತ. “ನೀನೂ ಕೂತ್ಕೊಳಪ್ಪ” ಎಂದು ಅವನ ಕೈಗೆ ಮಾವಿನಕಾಯಿ ಹೋಳಿನ ಪೊಟ್ಟಣ ಇಟ್ಟೆ. ಆಮೇಲೆ ಬಿದಿರಿನ ಕಡೆ ತಿರುಗಿ, ಶುರುವಿನಲ್ಲಿ ಹೇಳಿದೆನಲ್ಲ, ಆ ಮಾತು ಕೂಗಿದೆ.

ಫೋನ್ ಕೆಳಗಿಳಿಯಿತು. “ಇಲ್ಲ ಮೇಡಂ, ನಾವು ಮರದ್ದು ತೆಗೀತಿದ್ವಿ” ಎಂದ ಒಬ್ಬ.

“ಹೌದಾ? ಎಲ್ಲಿ, ಆ ಮರಾನೇ ತೋರ್ಸಿ ನೋಡೋಣ.”

ತೋರಿಸಲಿಲ್ಲ. ಬೆನ್ನು ತಿರುಗಿಸಿ ಗೇಟಿನ ಕಡೆ ಸರಸರನೆ ಹೋದರು. ಹೋಗುತ್ತಾ ನಕ್ಕರು. ಆ ನಗುವೇ ನನ್ನನ್ನು ಆಮೇಲೆ ಬಹಳ ಕಾಡಿದ್ದು.

ಗೇಟಿನ ವಾಚ್‌ಮನ್‌ಗೆ ಹೋಗಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಅದಕ್ಕೇ ಮೇಡಂ ಜೋಡಿಗಳನ್ನ ಒಳಗೇ ಬಿಡಬಾರದು ಅಂತ ನಾವು ಹೇಳೋದು” ಎಂದರು. ಕದ್ದು ವೀಡಿಯೊ ಮಾಡುವವರು ಒಳಗೆ ಬರಬಹುದೇ ಎಂದು ಕೇಳಿದೆ. ಅವರು ಗೇಟಿನ ಬೋರ್ಡಿನ ಕಡೆ ಕೈ ತೋರಿಸಿದರು. ಅದರಲ್ಲಿ ಆ ಮಾತೇ ಇರಲಿಲ್ಲ. ಹೂ ಕೀಳಬಾರದು, ನಾಯಿ ತರಬಾರದು, ಚೆಂಡಾಡಬಾರದು ಎಂದೆಲ್ಲ ಬರೆದಿತ್ತು, ಅಷ್ಟೇ.

ಬೆಂಚಿಗೆ ವಾಪಸು ಬಂದಾಗ ಹುಡುಗ “ಸಾರಿ ಆಂಟಿ” ಎಂದು ಹೇಳಿ ಹೊರಟುಹೋದ. ಕ್ಲಾಸ್‌ಮೇಟ್ ಅಂತೆ. ಅದಕ್ಕಿಂತ ಹೆಚ್ಚು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

“ಪೊಲೀಸ್‌ಗೆ ಹೇಳೋಣವಾ?” ಎಂದೆ.

“ಬೇಡ ಅತ್ತೆ. ಅವರು ಮೊದಲು ಕೇಳೋದೇ ಅಪ್ಪನ ನಂಬರ್.” ಅವಳ ತುಟಿ ಒಣಗಿತ್ತು. “ಅಪ್ಪಂಗೆ ಗೊತ್ತಾದ್ರೆ ಓದು ಬಿಡಿಸ್ತಾರೆ. ನಮ್ಮ ಎದುರು ಮನೆ ಅಕ್ಕಂಗೆ ಏನಾಯ್ತು ಅಂತ ನೀವೇ ನೋಡಿದ್ದೀರಲ್ಲ.”

ನೋಡಿದ್ದೆ. ಯಾರೋ ಕಳಿಸಿದ ಒಂದು ಫೋಟೋದಿಂದ ಆ ಹುಡುಗಿಯ ಡಿಗ್ರಿ ನಿಂತಿತು. ಮುಂದಿನ ಮದುವೆ ಸೀಸನ್ನಿಗೆ ಮದುವೆಯೂ ಆಗಿಹೋಯಿತು. ಮದುವೆಗೆ ಹೋಗಿ ಊಟ ಮಾಡಿ ಬಂದವರಲ್ಲಿ ನಾನೂ ಒಬ್ಬಳು.

ಮೌಲ್ಯಮಾಪನ ಮುಗಿಸಿ ಊರಿಗೆ ಬಂದೆ. ನೆಮ್ಮದಿ ಮಾತ್ರ ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರದಾದರೂ ಫೋನ್ ಟಿಂಗ್ ಎಂದರೆ ಎದೆ ಧಸಕ್ಕೆನ್ನುತ್ತಿತ್ತು. ಜಾವಗಲ್ಲಿನಲ್ಲಿ ಬಸ್ ಹತ್ತಿ ಪಕ್ಕ ಕುಳಿತವರು ರೀಲ್ಸ್ ನೋಡುತ್ತಿದ್ದರೆ ನಾನು ಕತ್ತು ಚಾಚಿ ಇಣುಕುತ್ತಿದ್ದೆ. ಒಬ್ಬರಂತೂ “ನೋಡಿ ಮೇಡಂ, ಬೇಕಾದ್ರೆ ಕೈಲೇ ಇಟ್ಕಳಿ” ಎಂದು ಫೋನನ್ನೇ ನನ್ನ ಮುಂದೆ ಹಿಡಿದರು. ಮಾನ ಹೋಯಿತು. ಆದರೂ ನೋಡಿದೆ. ನಾಯಿಮರಿ ಸ್ನಾನ ಮಾಡುತ್ತಿತ್ತು.

ಒಂದು ಸಂಜೆ ಹಳೇಬೀಡಿನಲ್ಲಿ ಇಳಿದೆ. ದೇವಸ್ಥಾನದ ಹುಲ್ಲುಹಾಸಿನ ಅಂಚಿನಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಒತ್ತಿಕೊಂಡು ಕುಳಿತು ಸೆಲ್ಫಿ ತೆಗೆದುಕೊಳ್ಳುತ್ತಿತ್ತು. ಹೋಗಿ ಬರುವ ಹೆಂಗಸರು ಅವರನ್ನು ನೋಡಿ ಮುಗುಳ್ನಕ್ಕು ಮುಂದೆ ಹೋಗುತ್ತಿದ್ದರು. ಕೊರಳಲ್ಲಿ ಅರಿಶಿನದ ದಾರ ಹೊಳೆಯುತ್ತಿತ್ತಲ್ಲ. ಹಿಂದಿನ ಗೋಡೆಯಲ್ಲೂ ಜೋಡಿಗಳೇ. ಕಲ್ಲಿನವು. ಎಲ್ಲರೂ ಅವುಗಳ ಫೋಟೋ ತೆಗೆಯುತ್ತಾರೆ, ಆದರೆ ಅವುಗಳ ಅಪ್ಪಂದಿರಿಗೆ ಯಾರೂ ಕಳಿಸುವುದಿಲ್ಲ.

ಕೀರ್ತನಾ ದಿನಾ ಮೆಸೇಜ್ ಮಾಡುತ್ತಿದ್ದಳು. ‘ಏನಾದ್ರೂ ಬಂತಾ ಅತ್ತೆ?’ ನಾನು ‘ಇಲ್ಲ ಕಣೇ, ಓದ್ಕೋ’ ಎಂದು ಬರೆಯುತ್ತಿದ್ದೆ. ಅವಳಿಗೆ ಪರೀಕ್ಷೆ ಹತ್ತಿರವಿತ್ತು. ಓದುತ್ತಿದ್ದಳೋ ಫೋನ್ ನೋಡುತ್ತಿದ್ದಳೋ, ದೇವರಿಗೇ ಗೊತ್ತು.

ಕೊನೆಗೆ ಅಣ್ಣನ ಫೋನ್ ಬಂತು. ಫೋನಿನಲ್ಲಿ ಅವನು ಯಾವತ್ತೂ ಎರಡು ಮಾತಿಗಿಂತ ಹೆಚ್ಚು ಆಡಿದವನಲ್ಲ. “ಭಾನ್ವಾರ ಮನೆ ಕಡೆ ಬಂದೋಗು. ಒಂದು ವಿಷ್ಯ ಐತೆ” ಎಂದು ಇಟ್ಟುಬಿಟ್ಟ.

ಅರಸೀಕೆರೆಯಿಂದ ಬಾಣಾವರ ಎಷ್ಟು ದೂರ? ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಬಂದುಬಿಡುತ್ತದೆ. ಆ ಭಾನುವಾರ ಮಾತ್ರ ಬಸ್ಸು ಮುಂದೆ ಹೋಗುತ್ತಲೇ ಇರಲಿಲ್ಲ. ದಾರಿಯುದ್ದಕ್ಕೂ ಸುಳ್ಳುಗಳನ್ನು ಜೋಡಿಸಿದೆ. ಅದು ಅವಳಲ್ಲ ಎನ್ನಲೇ? ಆ ಹುಡುಗನನ್ನು ನಾನೇ ಕರೆಸಿದ್ದೆ ಎನ್ನಲೇ? ಒಂದೂ ನಿಲ್ಲುವಂತಿರಲಿಲ್ಲ.

ಅಣ್ಣ ಜಗಲಿಯ ಮೇಲಿದ್ದ. ಅತ್ತಿಗೆ ಒಳಬಾಗಿಲಲ್ಲಿ ನಿಂತಿದ್ದರು. ಅವನು ಮಾತಿಲ್ಲದೆ ಫೋನ್ ಕೊಟ್ಟ.

ವೀಡಿಯೊ ನಾನು ಬೆಂಚಿಗೆ ಬಂದು ಕುಳಿತಲ್ಲಿಂದ ಶುರುವಾಗುತ್ತಿತ್ತು. ಅದಕ್ಕಿಂತ ಮುಂಚಿನದನ್ನು ಕತ್ತರಿಸಿದ್ದರು. ನಾನು ಕೈಯೆತ್ತಿ “ನಂದೂ ಒಂದು ಫೋಟೋ” ಎನ್ನುತ್ತಿದ್ದೆ. ಮೇಲೆ ‘ಪಾರ್ಕ್ ಆಂಟಿ ಮಾಸ್’ ಎಂಬ ಬರಹ, ಅದರ ಪಕ್ಕ ಸಾಲಾಗಿ ನಗುವ ಮುಖಗಳು. ಕೀರ್ತನಾ ತಲೆ ತಗ್ಗಿಸಿದ್ದಳು. ಅರ್ಧ ಮುಖ ಮಾತ್ರ ಕಾಣುತ್ತಿತ್ತು.

“ಕೊಬ್ಬರಿ ವ್ಯಾಪಾರದ ವಾಟ್ಸಾಪ್ ಗ್ರೂಪಲ್ಲಿ ಬಂದೈತೆ. ಎಲ್ರೂ ನಿನ್ನ ನೋಡಿ ನಗಾಡ್ತಾವ್ರೆ. ಅವಳು ಅಂತ ಯಾರಿಗೂ ಗೊತ್ತಾಗಿಲ್ಲ” ಎಂದ ಅಣ್ಣ. “ಆ ಚೂಡಿದಾರ ಯುಗಾದಿಗೆ ನಾನೇ ಕೊಡ್ಸಿದ್ದು. ನಂಗ್ ಗೊತ್ತಾಗಲ್ವಾ?” ಫೋನನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡು ಕೇಳಿದ. “ಮೊದಲಿಂದ್ಲೂ ನೀನು ಜೊತೇಲೇ ಇದ್ದೆಯೇನು?”

ಹೂಂ ಎಂದರೆ ಅಲ್ಲಿಗೇ ಮುಗಿಯುತ್ತಿತ್ತು. ಹೂಂ ಎನ್ನಲೆಂದೇ ಅವನು ಹಾಗೆ ಕೇಳಿದ ಎಂದು ಈಗ ಅನ್ನಿಸುತ್ತದೆ. ಆದರೆ ನಾಳೆ ಮುಂಚಿನ ತುಣುಕೂ ಬಂದರೆ? ಆಗ ಸುಳ್ಳೂ ಅವಳ ತಲೆಗೇ ಬರುತ್ತದೆ.

“ಇಲ್ಲಣ್ಣ, ನಾನು ಆಮೇಲೆ ಹೋದೆ. ಅವರಿಬ್ಬರೇ ಇದ್ರು. ಕ್ಲಾಸ್‌ಮೇಟಂತೆ. ಮಾತಾಡ್ಕೊಂಡು ಕೂತಿದ್ರು. ತಪ್ಪು ಕೆಲಸ ಮಾಡಿದ್ದು ಇದನ್ನ ತೆಗೆದೋರು.”

ಅಣ್ಣ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದ. ಕೊನೆಗೆ ಅತ್ತಿಗೆ ಬಾಗಿಲಿನಿಂದಲೇ ಹೇಳಿದರು. “ಬೆಂಚಿನ ಮೇಲೆ ಕೂತಿದ್ದಕ್ಕೆಲ್ಲ ಓದು ಬಿಡ್ಸೋಕಾಯ್ತದಾ? ಇನ್ನೆರಡು ವರ್ಷಕ್ಕೆ ಅವಳ ಕಾಲ ಮೇಲೆ ಅವಳು ನಿಂತ್ಕತಾಳೆ.”

“ಬಿಡ್ಸ್ತೀನಿ ಅಂತ ಯಾರಂದ್ರು?” ಎಂದ ಅಣ್ಣ.

ನನಗೆ ಅಳು ಬಂತು. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಅಲ್ಲಿಂದಲೇ ಕೀರ್ತನಾಳಿಗೆ ಫೋನ್ ಮಾಡಿ ಹೇಳಿದೆ. ಅವಳು ಮೂಗು ಎಳೆದುಕೊಳ್ಳುವ ಸದ್ದಷ್ಟೇ ಕೇಳುತ್ತಿತ್ತು.

ಸಂಜೆ ಬಸ್ ಸ್ಟ್ಯಾಂಡಿನವರೆಗೆ ಅಣ್ಣನೇ ಬೈಕಿನಲ್ಲಿ ಬಿಟ್ಟ. ನಾನು ಬಸ್ ಹತ್ತಿ ಕುಳಿತ ಮೇಲೆ ಕಿಟಕಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ. “ನಂಗೇನು ಮಗಳ ಮೇಲೆ ಅನುಮಾನ ಇಲ್ಲ ಕಣಮ್ಮ. ಕಾಲ ಸರಿಯಿಲ್ಲ. ಪಾರ್ಕು ಗೀರ್ಕು ಅಂತ ಒಬ್ಬಳೇ ಹೋಗೋದು ಬ್ಯಾಡ ಅಂತ ಹೇಳು. ಬೇಕಾದ್ರೆ ನೀನು ಬೆಂಗ್ಳೂರಿಗೋದಾಗ ಕರ್ಕೊಂಡೋಗು.”

ತಲೆಯಾಡಿಸಿದೆ. ಗೆದ್ದೆ ಎಂದೇ ಅಂದುಕೊಂಡೆ. ಬಸ್ಸು ಊರು ದಾಟಿದ ಮೇಲೆ ಯೋಚನೆ ಶುರುವಾಯಿತು. ಬಿದಿರಿನ ಹಿಂದೆ ನಿಂತಿದ್ದ ಆ ಇಬ್ಬರಿಗೆ ಪಾರ್ಕಿಗೆ ಬರಬೇಡಿ ಎಂದು ಹೇಳಿದವರು ಯಾರಾದರೂ ಇದ್ದಾರೆಯೇ? ಅವರು ಇವತ್ತೂ ಅಲ್ಲೇ ಓಡಾಡುತ್ತಿರಬಹುದು. ಕೀರ್ತನಾ ಮಾತ್ರ ಹಾಸ್ಟೆಲ್ ರೂಮಿನಲ್ಲಿದ್ದಾಳೆ. ಆ ರೂಮಿನ ಕಿಟಕಿ ತೆಗೆದರೆ ಪಕ್ಕದ ಬಿಲ್ಡಿಂಗಿನ ಗೋಡೆ.

ನಾನು ಬೆಂಗಳೂರಿಗೆ ಹೋಗುವುದು ವರ್ಷಕ್ಕೊಂದು ಸಲ. ಉಳಿದ ಸಂಜೆಗಳಲ್ಲಿ ಅವಳು ಎಲ್ಲಿ ಕೂರಬೇಕು?