ಜಗಳ ಇರುವಲ್ಲಿ ಬೆರಳು

1956ರ ನವೆಂಬರ್ ಒಂದರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಕೆಲವು ವಾರಗಳ ನಂತರ ಶಾಲಾ ತಪಾಸಣೆಯ ಸಾಹೇಬರು ಭಾಲ್ಕಿಯಲ್ಲಿದ್ದ ನಮ್ಮ ಮರಾಠಿ ವರ್ಗಕ್ಕೆ ಬಂದರು.

ನಮಗೆ ಕಲಿಸುತ್ತಿದ್ದ ಅಕ್ಕೋರು, ಯಾರೇ ವಾದಕ್ಕೆ ನಿಂತರೂ ಮೇಜಿನ ಮೇಲೆ ತೋರುಬೆರಳು ಒತ್ತಿ, "ಜಗಳ ಎಲ್ಲಿ ಅದ, ಅಲ್ಲಿ ಬೆರಳಿಡ್ರಿ" ಎನ್ನುತ್ತಿದ್ದರು. ಒಮ್ಮೆ ನಾನು "ಈ ಪೇರಲ ನಂದು" ಎಂದೆ. ಗೆಳತಿ "ಅದು ಇನ್ನಾ ಕಾಯಿ ಅದ" ಎಂದು ಕಿರುಚಿದಳು. ಅಕ್ಕೋರು ನಕ್ಕರು. "ಎರಡೂ ಖರೇ ಇರಬಹುದಲ್ಲ, ಜಗಳ ಎಲ್ಲಿ ಅದವಾ? ಒಬ್ಬಾಕಿ ಹೌದು, ಇನ್ನೊಬ್ಬಾಕಿ ಅಲ್ಲ ಅನ್ನೋ ಮಾತು ಹುಡುಕ್ರಿ."

ಆ ದಿನ ಬಂದ ಸಾಹೇಬರು ಕೂರಲಿಲ್ಲ. "ಈಗ ನಾವು ಮೈಸೂರಿನವರು. ಮಕ್ಕಳು ಕನ್ನಡ ಕಲೀಬೇಕು. ಮರಾಠಿ ವರ್ಗ ನಾಳಿಂದ ಬಂದ್."

"ಮೈಸೂರಿಗಿ ಸೇರೀವಿ, ಹೌದ್ರಿ. ಕನ್ನಡ ಕಲೀಬೇಕು, ಅದೂ ಹೌದ್ರಿ. ಅಲ್ಲಿ ನಮ್ಮ ಜಗಳ ಇಲ್ಲ."

"ಮತ್ತ?"

ಅಕ್ಕೋರ ಬೆರಳು ಮೇಜಿಗಿಳಿಯಿತು. "ನಡು ವರ್ಷದಾಗ ಈ ಮಕ್ಕಳ ಪಾಠದ ಭಾಷಾ ಬದಲಿಸಬೇಕಾ? ನೀವು ಹೌದಂತೀರಿ, ನಾ ಅಲ್ಲಂತೇನಿ. ಜಗಳ ಇಲ್ಲಿ ಅದರಿ."

"ನೀವು ಮೈಸೂರಿನ ವಿರುದ್ಧ ಇದ್ದೀರೇನು?"

"ಸಾಹೇಬ್ರ, ಮತ್ತ ಬ್ಯಾರೆ ಕಡಿ ಬೆರಳಿಟ್ರಿ."

ವರ್ಗವೆಲ್ಲ ನಕ್ಕಿತು. ಸಾಹೇಬರು ನಗಲಿಲ್ಲ. "ನೌಕರಿ ಹೋದೀತು" ಎಂದರು.

"ಹೋಗಲಿರಿ. ವರ್ಗ ಬಂದ್ ಮಾಡಂಗಿಲ್ಲ."

ಮರುದಿನವೂ ಅಕ್ಕೋರು ಬಂದು ಪಾಠ ಮಾಡಿದರು. ಆ ವರ್ಷದ ಪರೀಕ್ಷೆಯನ್ನು ನಾವು ಮರಾಠಿಯಲ್ಲೇ ಬರೆದೆವು. ಬೇಸಿಗೆ ರಜೆಯಲ್ಲಿ ಅವರನ್ನು ಔರಾದ್ ತಾಲ್ಲೂಕಿನ ಗಡಿ ಹಳ್ಳಿಯೊಂದಕ್ಕೆ ವರ್ಗಾವಣೆ ಮಾಡಿದರು. ಅಲ್ಲಿ ಅವರು ಮರಾಠಿ ಮನೆಗಳ ಮಕ್ಕಳಿಗೆ ಒಂದನೇ ಇಯತ್ತೆಯಿಂದ ಕನ್ನಡ ಕಲಿಸಿದರು.