ಬಿಲ್ಡ್ ಯಂತ್ರದ ಸೊಸೆ

ಅಕ್ಕ ಮೆಟ್ಟಿಲು ಹತ್ತಿ ಬರುವಾಗ ಮೊದಲು ಕಾಣಿಸುತ್ತಿದ್ದುದು ಕೊಡೆಯ ಮೊನೆ, ಆಮೇಲೆ ಕೊಡೆ, ಅದರ ಹಿಂದೆ ಅಕ್ಕ. ಗಂಡಸರು ಹಿಡಿಯುವಂಥ ಉದ್ದನೆಯ ಕರಿ ಕೊಡೆ. ಅದನ್ನು ಮಡಚಿ, ನೀರು ತಮ್ಮ ಮೇಲೆ ಸುರಿಯದಂತೆ ಬಂದೂಕಿನ ಹಾಗೆ ಮುಂದೆ ಚಾಚಿಕೊಂಡು ಬರುತ್ತಿದ್ದರು. ಸೊಂಟದಿಂದ ಮೇಲೆ ಗರಿಗರಿಯಾದ ಸೀರೆ, ಮುಡಿಯಲ್ಲಿ ಬಾಡದ ಡೇರೆ ಹೂವು. ಮೊಣಕಾಲಿನಿಂದ ಕೆಳಗೆ ಮಾತ್ರ ಈಗಷ್ಟೇ ನಾಟಿ ಮುಗಿಸಿ ಗದ್ದೆಯಿಂದ ಎದ್ದು ಬಂದವರಂತೆ ಇರುತ್ತಿದ್ದರು. ಹುಂಚದ ಹತ್ತಿರದ ಮನೆಯಿಂದ ಹೊಸನಗರಕ್ಕೊಂದು ಬಸ್ಸು, ಅಲ್ಲಿಂದ ಸಾಗರಕ್ಕೆ ಇನ್ನೊಂದು. ಚೂಡಿದಾರ ಹಾಕಿಕೊಂಡರೆ ಸುಲಭವಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, "ಹಾಕ್ಕಂಡು ನೋಡಿದೆ ಮಾರಾಯ್ರೇ. ಕನ್ನಡಿಯಲ್ಲಿ ಯಾರೋ ನೆಂಟ್ರು ಬಂದ ಹಂಗೆ ಕಂಡ್ತು" ಎಂದಿದ್ದರು.

ಸಾಗರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ನಮ್ಮ ಕಚೇರಿ. ಅಲ್ಲಿ ನಾವು ಹಾಲಿನ ಡೇರಿಗಳಿಗೆ ಬೇಕಾದ ತಂತ್ರಾಂಶ ಬರೆಯುತ್ತೇವೆ. ನಾನು ಸೇರಿದಾಗ ಅಲ್ಲಿದ್ದವರು ಅಕ್ಕ ಮತ್ತು ತೀರ್ಥಹಳ್ಳಿಯ ಕಡೆಯ ಒಬ್ಬ ಸಹೋದ್ಯೋಗಿ. ಮ್ಯಾನೇಜರ್ ಶಿವಮೊಗ್ಗದಲ್ಲಿದ್ದರು, ಸೋಮವಾರಗಳಲ್ಲಿ ವಿಡಿಯೋ ಕರೆಯಲ್ಲಿ ಪ್ರತ್ಯಕ್ಷರಾಗುತ್ತಿದ್ದರು.

ಕಚೇರಿಯ ಮೂಲೆಯಲ್ಲಿ, ಗೋಡೆಗೆ ಬೆನ್ನು ಹಾಕಿ ಮೇಜಿನ ಕೆಳಗೆ ಕೂತಿದ್ದ ಹಳೆಯ ಕಂಪ್ಯೂಟರೇ ನಮ್ಮ ಬಿಲ್ಡ್ ಯಂತ್ರ. ನಾವು ಕೋಡ್ ಕಳಿಸಿದ ಕೂಡಲೇ ಅದು ತಾನಾಗಿಯೇ ಎತ್ತಿಕೊಂಡು, ಹಳೆಯದರ ಜೊತೆ ಸೇರಿಸಿ, ಪರೀಕ್ಷೆಗಳನ್ನು ನಡೆಸಿ, ಡೇರಿಗೆ ಕೊಡಬಹುದಾದ ಪ್ಯಾಕೇಜನ್ನು ಕಟ್ಟಿಡುತ್ತದೆ. ಎಲ್ಲ ಸರಿಯಿದ್ದರೆ ಗೋಡೆಯ ಪರದೆಯಲ್ಲಿ ಹಸಿರು. ಎಲ್ಲೋ ತಪ್ಪಿದರೆ ಕೆಂಪು, ಕೆಂಪಿನ ಪಕ್ಕದಲ್ಲಿ ಕೋಡ್ ಕಳಿಸಿದವರ ಹೆಸರು. ಶಿವಮೊಗ್ಗದಲ್ಲೂ ಅದೇ ಪರದೆ ಕಾಣುತ್ತದೆ.

ಅಕ್ಕ ಆ ಯಂತ್ರದ ಉಸ್ತುವಾರಿ. ಅವರು ಅದನ್ನು ಮಾವ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಬಂದವರೇ "ಮಾವನೋರು ಹೆಂಗಿದಾರೆ?" ಎಂದು ಕೇಳುವರು. ಅವರ ಮನೆಯಲ್ಲೂ ಮಾವ ಇದ್ದರು; ಎದ್ದ ಕೂಡಲೇ ಸಾರಿನ ಉಪ್ಪಿನಿಂದ ಹಿಡಿದು ಬಾಗಿಲಿನ ಚಿಲಕದವರೆಗೆ ಎಲ್ಲದರಲ್ಲೂ ತಪ್ಪು ಹುಡುಕುವವರು. "ಇಬ್ರದ್ದೂ ಒಂದೇ ಜಾತಕ" ಎನ್ನುತ್ತಿದ್ದರು ಅಕ್ಕ. "ಕೊಟ್ಟಿದ್ದನ್ನೆಲ್ಲ ನೆಕ್ಕಿ ನೋಡ್ತಾರೆ, ಹೊಗಳೋದಿಲ್ಲ, ಸಿಟ್ಟು ಬಂದ್ರೆ ಊರಿಗೇ ಕೇಳ್ಸೋ ಹಂಗೆ ಹೇಳ್ತಾರೆ."

ನನ್ನ ಮೊದಲ ಕೆಂಪು ನಾನು ಸೇರಿದ ವಾರದಲ್ಲೇ ಬಂತು. ಪರದೆಯ ಮೇಲೆ ನನ್ನ ಹೆಸರು ನೋಡಿ ನನಗೆ ಕಿವಿ ಬಿಸಿಯಾಯಿತು. ನಾನು ಹೆಚ್ಚು ಮಾತಿನವಳಲ್ಲ. ಹೆಸರು ಕರೆದರೆ ಹಾಜರಿ ಹೇಳುವುದಕ್ಕೂ ವಿಶ್ವವಿದ್ಯಾಲಯದಲ್ಲಿ ಸಂಕೋಚಪಟ್ಟವಳು. ಗಾಬರಿಯಲ್ಲಿ, ಯಂತ್ರ ಬರೆದಿಟ್ಟ ಉದ್ದನೆಯ ವರದಿಯ ಕೊನೆಗೆ ಹೋಗಿ ಅಲ್ಲಿದ್ದ ದೋಷವನ್ನು ತಿದ್ದಲು ಕೂತೆ. ಅಕ್ಕ ಕುರ್ಚಿ ಎಳೆದುಕೊಂಡು ಬಂದರು.

"ಎಂತ ಮಾಡ್ತಿದ್ದೀಯೇ?"

"ಕೊನೆಯಲ್ಲಿ ಒಂದು ದೋಷ ತೋರಿಸ್ತಿದೆ ಮೇಡಂ."

"ಮೇಡಂ ಅಂದ್ರೆ ನಾನು ಹಿಂದೆ ತಿರುಗಿ ನೋಡ್ತೀನಿ, ಯಾರು ಬಂದ್ರಪ್ಪಾ ಅಂತ. ಅಕ್ಕ ಅನ್ನು. ಮೇಲೆ ಹೋಗು. ಇನ್ನೂ ಮೇಲೆ. ಮೊದಲ್ನೇ ಕೆಂಪು ಸಾಲು ಎಲ್ಲಿದೆ? ಅದು ಪೆಟ್ಟು ಬಿದ್ದ ಜಾಗ. ಕೆಳಗಿಂದೆಲ್ಲ ಬರೀ ಅಳು. ಅಳುವಿಗೆ ಮುಲಾಮು ಹಚ್ಚೋಕೆ ಆಗ್ತದಾ?"

ಮೊದಲ ಕೆಂಪು ಸಾಲಿನಲ್ಲಿ ಒಂದು ಕಡತ ಸಿಗಲಿಲ್ಲ ಎಂದಿತ್ತು. ನಾನು ಅದನ್ನು ಕಳಿಸಲು ಮರೆತಿದ್ದೆ.

"ಆದ್ರೆ ಅಕ್ಕ, ನನ್ನ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿ ಓಡ್ತು."

"ತವರಲ್ಲಿ ಎಲ್ಲಾ ಸರಿಯಾಗೇ ಇರ್ತದೆ ಕಣೇ. ಮಾವನ ಮನೇಲಿ ನಡೀಬೇಕಲ್ಲ."

ಈ ವೃತ್ತಿಯಲ್ಲಿ ಪ್ರಪಂಚದಾದ್ಯಂತ ಜನ ಜಗಳವಾಡುವ ವಿಷಯವನ್ನು ಅಷ್ಟು ಚಿಕ್ಕದಾಗಿ ಮುಗಿಸಿದವರನ್ನು ನಾನು ಮತ್ತೆ ಕಂಡಿಲ್ಲ.

ಮಳೆಗಾಲ ಹಿಡಿದ ಮೇಲೆ ಮಾವನ ಸ್ವಭಾವ ಕೆಟ್ಟಿತು. ಬೆಳಿಗ್ಗೆ ಕಳಿಸಿದ್ದೆಲ್ಲ ಕೆಂಪು. ಅದೂ ಒಂದೇ ತರಹದ ದೋಷವಲ್ಲ. ಒಮ್ಮೆ ಪರೀಕ್ಷೆ ಅರ್ಧಕ್ಕೆ ನಿಲ್ಲುತ್ತಿತ್ತು, ಒಮ್ಮೆ ಕೊಟ್ಟ ಅವಧಿಯೊಳಗೆ ಮುಗಿಯುತ್ತಿರಲಿಲ್ಲ, ಒಮ್ಮೆ ಯಂತ್ರವೇ ತಾನಾಗಿ ಆರಿ ಮತ್ತೆ ಶುರುವಾಗುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಏನೂ ಆಗಿಲ್ಲವೆಂಬಂತೆ ಹಸಿರು. ತೀರ್ಥಹಳ್ಳಿಯವನು ಸಾವಕಾಶದ ಮನುಷ್ಯ. ಸಾಗರದಲ್ಲೇ ರೂಮು ಮಾಡಿಕೊಂಡಿದ್ದರೂ ತಡವಾಗಿ ಬಂದು, ಕೋಡನ್ನು ಊಟದ ನಂತರವೇ ಕಳಿಸುತ್ತಿದ್ದ. ಬೆಳಿಗ್ಗೆ ಕಳಿಸುವವಳು ನಾನೊಬ್ಬಳೇ. ಹೀಗಾಗಿ ಪರದೆಯಲ್ಲಿ ಅವನ ಹೆಸರು ಹಸಿರಿನ ಪಕ್ಕ, ನನ್ನ ಹೆಸರು ಕೆಂಪಿನ ಪಕ್ಕ ಸಾಲುಗಟ್ಟಿ ನಿಂತವು.

ಒಂದು ಸೋಮವಾರ ಮ್ಯಾನೇಜರ್ ಅದನ್ನು ನೋಡಿದರು. "ಇವರ ಪ್ರೊಬೇಷನ್ ಮುಗೀತಾ ಬಂತು ಅಲ್ವಾ? ಮುಂದಿನ ಸೋಮವಾರ ತೀರ್ಮಾನ ಮಾಡೋಣ" ಎಂದರು. ನಾನು ಎದುರಿಗೇ ಕೂತಿದ್ದೆ. "ಇವರ" ಎಂದರೆ ನನ್ನ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಕೆಲಸ ಹೋದರೆ ಹಸಿವಿನಿಂದ ಇರಬೇಕಾದ ಸ್ಥಿತಿ ನನ್ನದಲ್ಲ. ಬ್ಯಾಕೋಡಿನ ಮನೆಗೆ ಹೋದರೆ ಅಮ್ಮ ಸಂತೋಷದಿಂದಲೇ ಅನ್ನ ಹಾಕುತ್ತಾಳೆ. ಅದೇ ತೊಂದರೆ. ಅನ್ನದ ಜೊತೆ ದಿನಕ್ಕೊಂದು ಜಾತಕವನ್ನೂ ಬಡಿಸುತ್ತಾಳೆ. ನಮ್ಮ ಮನೆಯಲ್ಲಿ ಯಾವ ಬಾಗಿಲಿಗೂ ಒಳಗಿನಿಂದ ಚಿಲಕ ಹಾಕುವ ರೂಢಿಯಿಲ್ಲ, ಹಾಕಿದರೆ "ಮೈ ಹುಷಾರಿಲ್ವಾ?" ಎಂದು ಮೂರು ಜನ ಬಂದು ತಟ್ಟುತ್ತಾರೆ. ಸಾಗರದಲ್ಲಿ ನನಗೊಂದು ಬಾಡಿಗೆ ಕೋಣೆಯಿತ್ತು. ಒಂದು ಕಿಟಕಿ, ಒಂದು ಮಂಚ, ಒಳಗಿನಿಂದ ಹಾಕಬಹುದಾದ ಒಂದು ಚಿಲಕ. ಈ ಕೆಲಸದ ಜೊತೆಗೆ ಅದೂ ಹೋಗುವುದರಲ್ಲಿತ್ತು.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಆದರೂ ಮರುದಿನ ಅಕ್ಕ ಬಂದವರೇ, "ಮುಖ ಯಾಕೆ ಹಲಸಿನ ಹಪ್ಪಳ ಸುಟ್ಟಂಗೆ ಮಾಡ್ಕಂಡಿದ್ದೀ? ಮಾವ ಬೈದ್ರೆ ಸೊಸೇದೇ ತಪ್ಪು ಅಂತ ಯಾರು ಹೇಳಿದ್ದು? ಇವತ್ತು ಅವರ ನಾಡಿ ನೋಡೋಣ" ಎಂದರು.

ಅಕ್ಕ ಮೊದಲು ಮಾಡಿದ್ದು ನನಗೆ ಹೊಳೆಯದೇ ಹೋದ ಕೆಲಸ. ಹಿಂದಿನ ದಿನ ಮಧ್ಯಾಹ್ನ ತೀರ್ಥಹಳ್ಳಿಯವನು ಕಳಿಸಿ ಹಸಿರಾಗಿದ್ದ ಕೋಡನ್ನೇ, ಒಂದಕ್ಷರ ಬದಲಿಸದೆ, ಬೆಳಿಗ್ಗೆ ಮತ್ತೆ ಯಂತ್ರಕ್ಕೆ ಕೊಟ್ಟರು. ಕೆಂಪು ಬಂತು. ಆ ದಿನ ಮಾತ್ರ ಬೇಗ ಬಂದಿದ್ದ ತೀರ್ಥಹಳ್ಳಿಯವನು ತನ್ನ ಹೆಸರನ್ನು ಕೆಂಪಿನ ಪಕ್ಕ ಕಂಡು ಕುರ್ಚಿಯಿಂದ ಎದ್ದೇಬಿಟ್ಟ.

"ಕೂತ್ಕಳಿ ಗೌಡ್ರೇ, ನಿಮ್ಮ ಮಾನ ಹೋಗಿಲ್ಲ. ನಿನ್ನೆ ತಕರಾರಿಲ್ದೇ ಉಂಡಿದ್ದನ್ನೇ ಇವತ್ತು ಉಗಿದ್ರು ಅಂದ್ರೆ ತಪ್ಪು ಅಡಿಗೇದಲ್ಲ, ಮಾವಂದು. ಈಗ ಹೇಳಿ, ಇಲ್ಲಿ ಬೆಳಿಗ್ಗೆ ಇದ್ದು ಮಧ್ಯಾಹ್ನ ಇಲ್ಲದೇ ಇರೋದು ಎಂತ? ಕಳೆದ ಮಳೆಗಾಲದಲ್ಲಿ ಇಲ್ಲದೇ ಈ ಮಳೆಗಾಲದಲ್ಲಿ ಬಂದಿದ್ದು ಎಂತ?"

"ವೋಲ್ಟೇಜ್ ಇರಬಹುದು" ಎಂದ ಅವನು, ಸೂರು ನೋಡುತ್ತ.

"ನೆಟ್‌ವರ್ಕ್ ಇರಬಹುದು" ಎಂದೆ ನಾನು, ಕೀಬೋರ್ಡ್ ನೋಡುತ್ತ.

"ನಿಮ್ಮಿಬ್ರಿಗೂ ಕುತ್ತಿಗೆ ಹಿಡ್ಕಂಡಿದ್ಯಾ? ಮೂಲೆ ಕಡೆ ತಿರುಗೋದೇ ಇಲ್ಲ!"

ನಮ್ಮಿಬ್ಬರ ಕುತ್ತಿಗೆಯೂ ಸರಿಯಾಗಿಯೇ ಇತ್ತು. ಅಕ್ಕ ಬಗ್ಗಿ, ಯಂತ್ರ ಎಷ್ಟು ಬಿಸಿಯಾಗಿದೆ ಎಂದು ನೋಡಲು ಅದರ ಹಿಂದೆ ಕೈ ಹಾಕಿದರು. ಕೈ ಹಾಗೆಯೇ ನಿಂತಿತು. ಹೊರಗೆ ಬಂದಾಗ ಅದರಲ್ಲಿ ಅವರದೇ ಒಳಲಂಗವಿತ್ತು. ಕಂದು ಬಣ್ಣದ್ದು. ಅರ್ಧ ಒಣಗಿತ್ತು.

ಬಸ್ಸಿನಿಂದ ಇಳಿದು ಬರುವಷ್ಟರಲ್ಲಿ ನೆನೆದು ಹೋಗುತ್ತಿದ್ದ ಲಂಗವನ್ನು ಅಕ್ಕ ಕಚೇರಿಗೆ ಬಂದ ಮೇಲೆ ಬದಲಾಯಿಸುತ್ತಿದ್ದರು. ಮೊದಲೆಲ್ಲ ಒದ್ದೆಯದನ್ನು ಹಿಂದಿನ ವರಾಂಡದಲ್ಲಿ ಹರವುತ್ತಿದ್ದರಂತೆ. ಈ ವರ್ಷ ಅಂಗಡಿಯವರು ವರಾಂಡದ ತುಂಬ ಪೇಂಟಿನ ಡಬ್ಬ ಪೇರಿಸಿದ್ದರು. ಮಲೆನಾಡಿನ ಆಷಾಢದಲ್ಲಿ ಬೆಚ್ಚಗಿನ ಜಾಗ ಸಿಕ್ಕಿದರೆ ಯಾರೂ ಬಿಡುವುದಿಲ್ಲ. ಇಡೀ ಮಹಡಿಯಲ್ಲಿ ಬೆಚ್ಚಗಿದ್ದದ್ದು ಮಾವನ ಬೆನ್ನೊಂದೇ. ಗೋಡೆಯ ಮೊಳೆಗೆ ನೇತುಹಾಕಿದ ಒದ್ದೆ ಲಂಗ, ಬಿಸಿಗಾಳಿ ಹೊರಹೋಗುವ ಜಾಲರಿಗೆ ಅಂಟಿಕೊಂಡು ಊಟದ ಹೊತ್ತಿಗೆ ಒಣಗುತ್ತಿತ್ತು. ಅಷ್ಟರವರೆಗೆ ಯಂತ್ರ ಉಸಿರಾಡಲಾರದೆ ಕಾದು ಕಂಗೆಡುತ್ತಿತ್ತು. ಅಕ್ಕ ಲಂಗ ಮಡಚಿ ಚೀಲಕ್ಕೆ ಹಾಕಿಕೊಂಡ ಮೇಲೆ ಹಸಿರು.

ಅಕ್ಕ ಲಂಗವನ್ನೂ ನಮ್ಮನ್ನೂ ನೋಡಿದರು. "ಇದು ಇಲ್ಲಿರೋದು ನಿಮಗೆ ಗೊತ್ತಿತ್ತಾ?"

ತೀರ್ಥಹಳ್ಳಿಯವನು ತಕ್ಷಣ ಚಹಾ ತರಲು ಹೋದ.

"ನೋಡಿದ್ದೆ ಅಕ್ಕ" ಎಂದೆ. "ಆದ್ರೆ ಅದನ್ನ... ಹೇಗೆ ಹೇಳೋದು..."

ಬೇರೆಯವರ ಒಳಲಂಗ ಕಣ್ಣೆದುರಿಗಿದ್ದರೂ ಕಾಣದಂತೆ ಇರಬೇಕು ಎಂದು ನನಗೆ ಯಾರೂ ಪಾಠ ಹೇಳಿಕೊಟ್ಟಿಲ್ಲ. ಹುಟ್ಟಿನಿಂದಲೇ ಗೊತ್ತಿರುವ ಸಂಗತಿ. ಅವನಿಗೂ ಗೊತ್ತಿತ್ತು. ಯಂತ್ರದ ಮುಂದೆ ಕೂತು ಅಷ್ಟೊಂದು ಸಲ ತಲೆಕೆಡಿಸಿಕೊಂಡಾಗಲೂ, ನಮ್ಮಿಬ್ಬರ ಬುದ್ಧಿ ಆ ಮೂಲೆಯನ್ನು ಮಾತ್ರ ಮರ್ಯಾದೆಯಿಂದ ಸುತ್ತು ಹಾಕಿಕೊಂಡು ಹೋಗಿತ್ತು.

ಅಕ್ಕ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಮಾವನ ಬೆನ್ನ ಮೇಲೆ ಸೊಸೆ ಲಂಗ ಒಣಗಿಸಿದ್ರೆ ಅವ್ರಿಗೆ ಉಸಿರು ಕಟ್ಟದೇ ಇರ್ತದಾ! ಅಯ್ಯೋ, ಇಷ್ಟು ಮರ್ಯಾದಸ್ಥರನ್ನ ಕಟ್ಕಂಡು ನಾನು ಹೆಂಗೆ ಬಾಳೋದು?"

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅಕ್ಕನ ಲೆಕ್ಕದಲ್ಲಿ ಮುಗಿದಿರಲಿಲ್ಲ. "ಸೋಮವಾರ ತೋರಿಸ್ತೀನಿ" ಎಂದರು.

"ಏನು ತೋರಿಸ್ತೀರಿ?" ಎಂದು ಕೇಳಿದೆ. "ಬೇಡ ಅಕ್ಕ. ಗಾಳಿ ಆಡ್ತಿರಲಿಲ್ಲ, ಈಗ ಜಾಗ ಬಿಡಿಸಿದೀವಿ ಅಂತ ಹೇಳಿದ್ರೆ ಸಾಕು."

"ಸಾಕಾಗಲ್ಲ. ನೀನೇ ಎಂತದೋ ತಪ್ಪು ಮಾಡಿ ಈಗ ತಿದ್ಕಂಡೆ ಅಂದ್ಕೋತಾರೆ. ಕೆಂಪಿನ ಪಕ್ಕ ನಿನ್ನ ಹೆಸರು ಹಂಗೇ ಕೂತಿರ್ತದೆ. ಸರಿ ಆಯ್ತು ಅಂದ್ರೆ ಕಾರಣ ಸಿಕ್ತು ಅಂತಲ್ಲ ಕಣೇ. ಬೇಕು ಅಂದಾಗ ಮತ್ತೆ ಹಾಳು ಮಾಡಿ ತೋರ್ಸಕ್ಕೆ ಬರ್ಬೇಕು. ಆವಾಗ ಸಿಕ್ತು ಅಂತ."

ಸೋಮವಾರ ವಿಡಿಯೋ ಕರೆ ಶುರುವಾಯಿತು. ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು, "ಹಾಂ, ಇವರ ವಿಷಯ..." ಎನ್ನುವಷ್ಟರಲ್ಲಿ ಅಕ್ಕ ಕ್ಯಾಮೆರಾವನ್ನು ಮೂಲೆಯತ್ತ ತಿರುಗಿಸಿದರು. ಒಂದು ಬಕೆಟ್ ನೀರು ಆಗಲೇ ಅಲ್ಲಿತ್ತು. ಅದರಿಂದ ಕಂದು ಬಣ್ಣದ ಲಂಗವನ್ನು ಎತ್ತಿ, ಹಿಂಡಿ, ಎರಡು ಸಲ ಪಟಪಟನೆ ಕೊಡವಿದರು.

"ಏನದು ಮೇಡಂ?"

"ಲಂಗ ಸರ್."

"ಏನು?"

"ಒಳಲಂಗ. ನಂದೇ."

ಶಿವಮೊಗ್ಗದ ಕಡೆಯ ಕ್ಯಾಮೆರಾ ಆರಿತು. ನಾನು ಮೇಜಿನ ಕೆಳಗೆ ಬಿದ್ದಿಲ್ಲದ ಪೆನ್ನು ಹುಡುಕುತ್ತಿದ್ದೆ. ಆ ಗಳಿಗೆಯಲ್ಲಿ ಬ್ಯಾಕೋಡು, ಅಮ್ಮ, ಜಾತಕ ಎಲ್ಲವೂ ಸಹ್ಯವೆನಿಸಿದ್ದವು.

ಅಕ್ಕ ಲಂಗವನ್ನು ಮೊಳೆಗೆ ಹಾಕಿ, ಹಸಿರಾಗಿದ್ದ ಕೋಡನ್ನು ಯಂತ್ರಕ್ಕೆ ಕೊಟ್ಟರು. ಅದು ಕಾದು ಬಿಸಿಯಾಗುವವರೆಗೆ ಡೇರಿಯವರು ಕೇಳಿದ್ದ ಬದಲಾವಣೆಗಳನ್ನು ಆರಾಮಾಗಿ ವಿವರಿಸಿದರು. ಆರಿದ ಪರದೆಯಿಂದ "ಹೂಂ, ಹೂಂ" ಎಂಬ ಕ್ಷೀಣ ಧ್ವನಿ ಬರುತ್ತಿತ್ತು. ಕೆಂಪು ಬಂತು. ಲಂಗ ತೆಗೆದು, ಯಂತ್ರವನ್ನು ತಣ್ಣಗಾಗಲು ಬಿಟ್ಟು, ಅದೇ ಕೋಡ್ ಕೊಟ್ಟರು. ಹಸಿರು.

"ಅರ್ಥವಾಯ್ತು ಮೇಡಂ. ಸಾಕು."

"ಒಂದ್ಸಲ ಆಗಿದ್ದು ಆಕಸ್ಮಿಕ ಅನ್ನಬಹುದು ಸರ್. ಇನ್ನೊಂದ್ಸಲ ಹಾಕಿ ತೋರಿಸ್ತೀನಿ."

"ಬೇಡ! ಬೇಡಮ್ಮಾ. ನಂಬಿದೆ."

"ಹಂಗಾದ್ರೆ ಆ ಕೆಂಪಿನ ಪಕ್ಕ ಇವಳ ಹೆಸರು ಇದೆಯಲ್ಲ, ಅಲ್ಲೆಲ್ಲ ಕಾರಣ ಬರೀತೀನಿ. ಉಸ್ತುವಾರಿಯವರ ಒದ್ದೆ ಒಳಲಂಗ ಅಂತ."

"ಬಟ್ಟೆ ಅಂತ ಬರೀರಿ, ಸಾಕು."

"ಬಟ್ಟೆ ಅಂದ್ರೆ ಯಾವ ಬಟ್ಟೆ ಅಂತ ನಾಳೆ ಯಾರಾದ್ರೂ ಕೇಳ್ತಾರೆ ಸರ್. ದಾಖಲೆ ಸ್ಪಷ್ಟ ಇರ್ಬೇಕು."

ಅಕ್ಕ ಒಳಲಂಗವೆಂದೇ ಬರೆದರು. ಆ ಮಳೆಗಾಲದ ನನ್ನ ಪ್ರತಿಯೊಂದು ಕೆಂಪಿನ ಪಕ್ಕದಲ್ಲೂ ಬರೆದರು. ಕಂಪನಿಯ ದಾಖಲೆಯಲ್ಲಿ ಅದು ಇವತ್ತಿಗೂ ಇದೆ.

ಆ ವಾರವೇ ನನ್ನ ಕೆಲಸ ಖಾಯಮಾಯಿತು. ಪತ್ರ ಬಂದ ಸಂಜೆ ಕೋಣೆಗೆ ಹೋಗಿ ಚಿಲಕ ಹಾಕಿದೆ. ಮಂಚದ ಮೇಲೆ ಕೂತಾಗ, ಕ್ಯಾಮೆರಾದ ಎದುರು ಅಕ್ಕ ಲಂಗ ಕೊಡವಿದ್ದು ನೆನಪಾಗಿ ನಗು ಶುರುವಾಯಿತು. ಜೋರಾಗಿ ನಗುವ ಅಭ್ಯಾಸವಿಲ್ಲದವಳಿಗೆ ಅದನ್ನು ನಿಲ್ಲಿಸುವುದೂ ಗೊತ್ತಿರುವುದಿಲ್ಲ. ಮನೆಯೊಡತಿ ಬಂದು ಬಾಗಿಲು ತಟ್ಟಿ, "ಒಳಗೆ ಯಾರಿದಾರೆ?" ಎಂದು ಕೇಳಿದರು. "ನಾನೊಬ್ಬಳೇ" ಎಂದೆ. ಅವರು ನಂಬಲಿಲ್ಲ.

ಒಬ್ಬ ಹೆಂಗಸು, ಮೇಲಧಿಕಾರಿಯ ಎದುರಿಗೆ, ಇನ್ನೊಬ್ಬಳ ಹೆಸರಿನ ಸಲುವಾಗಿ ಅಂಥದ್ದನ್ನು ಮಾಡಬಲ್ಲಳು ಎಂದು ನನಗೆ ಗೊತ್ತಿರಲಿಲ್ಲ. ಕೃತಜ್ಞತೆ ಹೇಳಬೇಕೆಂದು ಎಷ್ಟೋ ಸಲ ಅವರ ಮೇಜಿನವರೆಗೆ ಹೋಗಿದ್ದೇನೆ. ಹೋಗಿ ಸ್ಟೇಪ್ಲರ್ ಕೇಳಿಕೊಂಡು ಬಂದಿದ್ದೇನೆ. ಹೇಳದೆಯೇ ಉಳಿಯಿತು. ಹೋದ ವರ್ಷ ಅವರ ಯಜಮಾನರಿಗೆ ವರ್ಗವಾಗಿ, ಮನೆಯ ಮಾವನನ್ನೂ ಕರೆದುಕೊಂಡು ಎಲ್ಲರೂ ತೀರ್ಥಹಳ್ಳಿಗೆ ಹೋದರು. ಅಕ್ಕ ಅಲ್ಲಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಾರೆ. ಬಿಲ್ಡ್ ಯಂತ್ರದ ಉಸ್ತುವಾರಿ ಈಗ ನನ್ನದು.

ಕೆಲವು ಭಾನುವಾರ ನಾನು ಅವರಿಗೆ ಫೋನ್ ಮಾಡಿ, ಯಂತ್ರದ್ದೊಂದು ಸಮಸ್ಯೆ ಹೇಳುತ್ತೇನೆ. ಶುಕ್ರವಾರವೇ ನಾನು ಬಿಡಿಸಿ ಮುಗಿಸಿದ ಸಮಸ್ಯೆ.

"ಇಷ್ಟೂ ಗೊತ್ತಾಗ್ಲಿಲ್ವನೇ ನಿಂಗೆ?" ಎನ್ನುತ್ತಾರೆ ಅಕ್ಕ.

"ಇಲ್ಲ ಅಕ್ಕ."

"ಸುಳ್ಳಿ. ಸರಿ, ಕೂತ್ಕ. ಮೊದಲಿಂದ ಹೇಳ್ತೀನಿ."

ನಾನು ಚಿಲಕ ಹಾಕಿಕೊಂಡು ಬಂದು ಮಂಚದ ಮೇಲೆ ಕೂತು, ಕೊನೆಯವರೆಗೂ ಕೇಳುತ್ತೇನೆ.