ಚೆಕಿಂಗ್ ಅಕ್ಕ ಮಾಡಿಸಿದ ದೊಡ್ಡ ಫೋಟೋ

ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಲೇ ಇಪ್ಪತ್ತೆಂಟು ವರ್ಷ ಕಳೆದವಳಿಗೆ ಮನುಷ್ಯರ ಮುಖಕ್ಕಿಂತ ಮೊದಲು ಅವರ ಕೈ ಕಾಣುತ್ತದೆ. ಅದು ಜೇಬಿಗೆ ಹೋಯಿತೋ, ಕಿಟಕಿಯ ಸರಳಿಗೆ ಹೋಯಿತೋ, ನಿದ್ದೆ ಬಂದವರಂತೆ ಕೆನ್ನೆಯ ಕೆಳಗೆ ಹೋಯಿತೋ ಎಂದು ನೋಡಿಯೇ ಅವಳು ಕಳ್ಳನನ್ನು ಹಿಡಿಯುತ್ತಿದ್ದಳು. ಎಲ್ಲರೂ ಅವಳನ್ನು ಚೆಕಿಂಗ್ ಅಕ್ಕ ಎಂದೇ ಕರೆಯುತ್ತಿದ್ದರು. ನಿವೃತ್ತಿಯಾದರೂ ಆ ಹೆಸರು ಹೋಗಲಿಲ್ಲ, ಗುಣವೂ ಹೋಗಲಿಲ್ಲ. ಹಾಲಿನವನು ಪಾತ್ರೆಗೆ ಹಾಲು ಸುರಿಯುವಾಗ ಅವಳು ಅಳತೆಯ ಲೋಟವನ್ನಲ್ಲ, ಅದರೊಳಗೆ ಇಳಿದ ಅವನ ಹೆಬ್ಬೆರಳನ್ನು ನೋಡುತ್ತಿದ್ದಳು.

ಸ್ವಂತ ಮೈದುನನನ್ನೂ ಬಿಟ್ಟವಳಲ್ಲ. ಹದಿನಾಲ್ಕು ವರ್ಷದ ಹಿಂದೆ, ಕುರ್ಚಿ ಸೋಫಾಗಳಿಗೆ ಬಟ್ಟೆ ಹೊದಿಸುವ ಕೆಲಸ ಮಾಡುವ ಗಂಡನ ತಮ್ಮ ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದ. "ಎರಡೇ ಸ್ಟಾಪು, ಅತ್ತಿಗೆ" ಎಂದು ಹಲ್ಲು ಕಿರಿದ. "ಬಸ್ಸಲ್ಲಿ ನಾನು ಯಾರಿಗೂ ಅತ್ತಿಗೆ ಅಲ್ಲ" ಎಂದವಳೇ ತುಂಬಿದ ಬಸ್ಸಿನಲ್ಲಿ ದಂಡದ ಚೀಟಿ ಹರಿದು ಕೈಗಿಟ್ಟಳು. ಅಂದಿನಿಂದ ಅವನು ಅವಳ ಮನೆಯ ಹೊಸ್ತಿಲು ತುಳಿಯಲಿಲ್ಲ. ಅವಳೂ ಗಂಡನಿಗೆ ಖಡಾಖಂಡಿತವಾಗಿ ಹೇಳಿದಳು: "ಅವನಾಗೇ ಬಂದು ತಪ್ಪಾಯ್ತು ಅನ್ನೋವರೆಗೂ ನೀವೂ ಆ ಕಡೆ ತಲೆ ಹಾಕ್ಬೇಡಿ." ಬಸ್ ಡ್ರೈವರಾಗಿದ್ದ ಗಂಡ ಮಾತು ಕಮ್ಮಿಯ ಮನುಷ್ಯ. "ಹೂಂ" ಎಂದು ತಲೆಯಾಡಿಸಿದ.

ಆ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮೂವತ್ತು ವರ್ಷ ಒಂದು ನಾಯಿಗೂ ಚಕ್ರ ತಾಗಿಸದೆ ಬಸ್ಸು ಓಡಿಸಿದವನೆಂದು ಡಿಪೋದ ಹೊಸ ವಿಶ್ರಾಂತಿ ಕೋಣೆಯಲ್ಲಿ ಅವನ ಫೋಟೋ ಹಾಕಬೇಕೆಂದು ಡ್ರೈವರುಗಳು ನಿರ್ಧರಿಸಿದರು. "ಎರಡಡಿ ಅಗಲ ಇರ್ಲಿ ಮೇಡಂ, ಬಾಗಿಲಿಂದ್ಲೇ ಕಾಣ್ಬೇಕು" ಎಂದರು. ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದ ಆ ಮನುಷ್ಯನದು ಸಮವಸ್ತ್ರದಲ್ಲಿ ನಗುತ್ತಿರುವ ಒಂದೇ ಫೋಟೋ ಇತ್ತು. ಅವನು ಸತ್ತ ಮರುದಿನ ಮೈದುನ ಅವಳ ಫೋನಿಗೆ ಕಳಿಸಿದ್ದು ಅದು. ಸಾವಿಗೆ ಬಂದಾಗಲೂ ಅಂಗಳದಲ್ಲೇ ನಿಂತು ಹೋದವನು ಫೋಟೋದ ಜೊತೆ ಬರೆದದ್ದು ಒಂದೇ ಸಾಲು: "ಡಿಪೋದಲ್ಲಿ ತೆಗೆದಿದ್ದು."

ಅವಳು ಅದನ್ನು ಮಾರುಕಟ್ಟೆ ಬೀದಿಯ ಫೋಟೋ ಪ್ರಿಂಟಿಂಗ್ ಅಂಗಡಿಗೆ ಕೊಟ್ಟಳು. ನಾಲ್ಕನೇ ದಿನ ಪ್ರಿಂಟು ಮನೆಗೆ ಬಂತು. ಪಕ್ಕದ ಮನೆಯವರು ಬಂದು ನೋಡಿ "ಏನು ಕಳೆ! ಎದ್ದು ಮಾತಾಡೋ ಹಾಗಿದಾರೆ" ಎಂದರು. ಅವಳು ಮಾತ್ರ ಕನ್ನಡಕ ಏರಿಸಿ, ಹತ್ತಿರ ಹೋಗಿ, ಮೂಸಿ ನೋಡುವವಳಂತೆ ಮೂಲೆಮೂಲೆ ನೋಡಿದಳು. ಫೋಟೋದಲ್ಲಿದ್ದವನು ಅವಳ ಗಂಡನಂತಿದ್ದ, ಆದರೆ ಅವಳ ಗಂಡನಾಗಿರಲಿಲ್ಲ.

ಪ್ರಿಂಟನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನೇರ ಅಂಗಡಿಗೆ ನಡೆದಳು.

"ಈ ಹಲ್ಲು ಎಲ್ಲಿಂದ ತಂದ್ರಿ?"

ಅಂಗಡಿಯವನು ಕಣ್ಣು ಮಿಟುಕಿಸಿದ. "ಯಾವ ಹಲ್ಲು ಮೇಡಂ?"

"ನಮ್ಮನೆಯವರಿಗೆ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಇಲ್ಲಿ ಪೂರ್ತಿ ಇದೆ. ಸತ್ತ ಮೇಲೆ ಹಲ್ಲು ಬೆಳೆಯುತ್ತಾ? ಬ್ಯಾಡ್ಜ್ ನಂಬರ್ ನೋಡಿ. ನಾನೂರ ಹದಿನೇಳು ಇರ್ಬೇಕು. ಇದು ಅಂಕಿನೂ ಅಲ್ಲ, ಅಕ್ಷರಾನೂ ಅಲ್ಲ, ಕೋಳಿ ಕೆದರಿದ ಹಾಗಿದೆ. ಹಿಂದ್ಗಡೆ ಎಲೆ ಕಾಣ್ತಿದೆ. ಡಿಪೋದಲ್ಲಿ ಒಂದು ಹುಲ್ಲುಕಡ್ಡಿನೂ ಇಲ್ಲ. ಯಾರ ಮುಖ ತಂದು ಅಂಟಿಸಿದ್ರಿ?"

"ಅಯ್ಯೋ, ನಾನು ಅಂಟಿಸಿಲ್ಲ ಮೇಡಂ, ಸಾಫ್ಟ್‌ವೇರ್ ತುಂಬಿದ್ದು."

"ತುಂಬೋಕೆ ಅದಕ್ಕೆ ಯಾರು ಹೇಳಿದ್ದು? ನನ್ನ ಕಣ್ಣೆದುರಿಗೇ ತೆಗೀರಿ. ಮೌಸಿಂದ ಕೈ ಎತ್ತಬೇಡಿ."

ಅವನು ಬೆವರುತ್ತ ಅವಳು ಕೊಟ್ಟ ಮೂಲ ಫೋಟೋವನ್ನು ತೆರೆ ತುಂಬ ಹಿಗ್ಗಿಸಿದ. ಗಂಡನ ಮುಖ ಹರಳು ಹರಳಾಗಿ ಒಡೆದು ಬಣ್ಣದ ಚೌಕಗಳಾಯಿತು. ಬಾಯಿಯ ಜಾಗದಲ್ಲಿ ಆರೋ ಏಳೋ ಬಿಳಿಯ ಚೌಕಗಳಿದ್ದವು, ಅಷ್ಟೇ.

"ನೋಡಿ, ಇಡೀ ಫೋಟೋದಲ್ಲಿ ಅಡ್ಡಕ್ಕೆ ಆರುನೂರು ಚುಕ್ಕಿ ಇದೆ. ನಿಮಗೆ ಬೇಕಾಗಿರೋದು ಇಪ್ಪತ್ನಾಲ್ಕು ಇಂಚು. ಚೆನ್ನಾಗಿ ಬರ್ಬೇಕು ಅಂದ್ರೆ ಇಂಚಿಗೆ ಇನ್ನೂರು ಚುಕ್ಕಿ ಬೇಕು. ಒಂದು ಲೋಟ ಹಾಲು ಕೊಟ್ಟು ನೂರು ಜನಕ್ಕೆ ಬಡಿಸು ಅಂದ್ರೆ ನೀರು ಹಾಕ್ದೆ ಏನ್ಮಾಡ್ಲಿ?"

"ನೀರು ಹಾಕಿದ್ರೆ ಗೊತ್ತಾಗ್ತಿತ್ತು. ನೀವು ಹಾಕಿರೋದು ಬೇರೆಯವರ ಮನೆ ಹಾಲು."

ಇಲ್ಲದ ಚುಕ್ಕಿಯನ್ನು ಯಂತ್ರ ಅಕ್ಕಪಕ್ಕ ನೋಡಿ ಊಹಿಸಿಕೊಳ್ಳುತ್ತದೆ, ಬಾಯಿ ಕಂಡರೆ ಒಳ್ಳೆಯ ಹಲ್ಲು ಇಡುತ್ತದೆ, ಹಸಿರು ಕಂಡರೆ ಎಲೆ ಬಿಡಿಸುತ್ತದೆ ಎಂದು ಅಂಗಡಿಯವನು ತಗ್ಗಿದ ದನಿಯಲ್ಲಿ ಒಪ್ಪಿಕೊಂಡ. ಆಮೇಲೆ ಅಂದ: "ಮೆಸೇಜಲ್ಲಿ ಕಳಿಸಿದ್ರೆ ಫೋಟೋ ಕುಗ್ಗಿಹೋಗುತ್ತೆ ಮೇಡಂ. ಕ್ಯಾಮೆರಾದಲ್ಲಿ ಮೂಲ ಇದ್ರೆ ಅದರೊಳಗಿನ ಮೆಮೊರಿ ಕಾರ್ಡನ್ನೇ ತನ್ನಿ. ಇನ್ನೊಂದು, ಇದನ್ನ ಯಾರೋ ಕತ್ತರಿಸಿ ಕಳಿಸಿದಾರೆ. ಈ ಅಂಚು ನೋಡಿ, ಅರ್ಧ ಮೊಣಕೈ ಇದೆ. ಪಕ್ಕದಲ್ಲಿ ಇನ್ನೂ ಏನೋ ಇತ್ತು."

ಕತ್ತರಿಸಿದ್ದಾರೆ ಎಂಬ ಮಾತು ಅವಳ ಕಿವಿಯಲ್ಲಿ ಕೂತುಬಿಟ್ಟಿತು.

ಮೈದುನನಿಗೆ ಫೋನು ಮಾಡಿದಳು. ಅವನು "ಕಳಿಸ್ತೀನಿ" ಎಂದು ಅದೇ ಪುಟಾಣಿ ಫೋಟೋ ಕಳಿಸಿದ. ಇನ್ನೊಮ್ಮೆ ಕೇಳಿದಾಗ "ಇರೋದೇ ಅದು" ಎಂದ. ಮೂರನೇ ಸಲ ಕ್ಯಾಮೆರಾ ಕೆಟ್ಟಿದೆ ಎಂದ. ಸುಳ್ಳು ಹೇಳುವವರಿಗೆ ಒಂದು ನೆಪ ಸಾಲುವುದಿಲ್ಲ, ಪ್ರತಿ ಸ್ಟಾಪಿಗೂ ಒಂದೊಂದು ಬೇಕಾಗುತ್ತದೆ ಎಂಬುದು ಅವಳ ಕೆಲಸ ಕಲಿಸಿದ ಪಾಠ. ದಂಡ ಹಾಕಿಸಿಕೊಂಡ ಸೇಡನ್ನು ಸತ್ತ ಅಣ್ಣನ ಮೇಲೆ ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡಳು. ಅಥವಾ ಪಕ್ಕದಲ್ಲಿ ಯಾರೋ ಇದ್ದಾರೆ. ಯಾರು? ಅರ್ಧ ಮೊಣಕೈ ಗಂಡಿನದೋ ಹೆಣ್ಣಿನದೋ? ಮೂವತ್ತೊಂದು ವರ್ಷ ಸಂಸಾರ ಮಾಡಿದವನ ಬಗ್ಗೆ, ಅವನು ಹೋದ ಮೇಲೆ, ಹೀಗೆ ಯೋಚಿಸುತ್ತಿದ್ದೇನಲ್ಲ ಎಂದು ತನ್ನ ಮೇಲೇ ಅಸಹ್ಯವೂ ಆಯಿತು.

ಭಾನುವಾರ ಬೆಳಿಗ್ಗೆ ಹೇಳದೆ ಕೇಳದೆ ಮೈದುನನ ಮನೆಗೆ ಹೋದಳು. ಓಣಿಯ ಕೊನೆಯ ಮನೆ, ಬೂದು ಗೋಡೆ. ಬಾಗಿಲ ಮುಂದೆ ಸ್ಪಂಜು ಹೊರಚಾಚಿದ ಸೋಫಾ. ಬಾಗಿಲಿನ ಬಣ್ಣ ಹಸಿರು. ಅವಳು ಅಲ್ಲೇ ನಿಂತಳು. ಆ ಹಸಿರನ್ನು ಅವಳು ನೋಡಿದ್ದಳು, ಗಂಡನ ಭುಜದ ಹಿಂದೆ, ಎಲೆಗಳ ರೂಪದಲ್ಲಿ.

ಬಾಗಿಲು ತೆರೆದ ಓರಗಿತ್ತಿಯ ಕೈ ಸೆರಗಿನ ಅಂಚಿಗೆ ಹೋಯಿತು. "ಅಕ್ಕಾ... ಬನ್ನಿ ಒಳಗೆ."

"ಕೂರೋಕೆ ಬಂದಿಲ್ಲ. ಫೋಟೋ ಡಿಪೋದಲ್ಲಿ ತೆಗೆದಿದ್ದಾ?"

ಒಳಗೆ ಮೊಳೆ ಹೊಡೆಯುತ್ತಿದ್ದ ಸದ್ದು ನಿಂತಿತು. ಮೈದುನ ಸುತ್ತಿಗೆ ಹಿಡಿದುಕೊಂಡೇ ಹೊರಗೆ ಬಂದ. ಹೆಂಡತಿಯ ಮುಖ ನೋಡಿದ, ಅತ್ತಿಗೆಯ ಮುಖ ನೋಡಿದ, ಕೊನೆಗೆ ನೆಲ ನೋಡಿದ.

"ಮಾತು ಕೊಟ್ಟಿದ್ದೆ ಅತ್ತಿಗೆ."

"ಯಾರಿಗೆ?"

"ಅಣ್ಣನಿಗೆ."

ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಓರಗಿತ್ತಿಯೇ ಒಳಗೆ ಹೋಗಿ ಸೂಜಿದಾರದ ಡಬ್ಬಿಯಿಂದ ಕ್ಯಾಮೆರಾದ ಕಾರ್ಡು ತಂದಳು. ಮಗಳ ಲ್ಯಾಪ್‌ಟಾಪಿಗೆ ಹಾಕಿ ತೋರಿಸಿದರು. ಅದೇ ಬಾಗಿಲು, ಅದೇ ಮೆಟ್ಟಿಲು. ಮೆಟ್ಟಿಲ ಮೇಲೆ ಅವಳ ಗಂಡ ಸಮವಸ್ತ್ರದಲ್ಲೇ ಕಾಲು ಚಾಚಿ ಕೂತಿದ್ದ, ತೊಡೆಯ ಮೇಲೆ ಊಟದ ತಟ್ಟೆ. ಪಕ್ಕದಲ್ಲಿ ತಮ್ಮ. ಮೊಣಕೈ ಅವನದು. ಯಾವುದೋ ತಮಾಷೆಗೆ ಇಬ್ಬರೂ ಬಾಯಿತುಂಬ ನಗುತ್ತಿದ್ದರು. ಮುರಿದ ಹಲ್ಲು ಮುರಿದಂತೆಯೇ ಇತ್ತು.

"ಎಷ್ಟು ಸಲ ಬಂದಿದ್ರು?" ಎಂದು ಕೇಳಿದಳು.

"ಗುರುವಾರ ಗುರುವಾರ" ಎಂದ ಮೈದುನ. "ನೀವು ಬೇಡ ಅಂದಿದ್ದ ಮುಂದಿನ ವಾರದಿಂದ್ಲೇ. ಹನ್ನೆರಡು ವರ್ಷ. ಅವಳಿಗೆ ಗೊತ್ತಾದ್ರೆ ನೊಂದ್ಕೋತಾಳೆ, ನಾನು ಸತ್ರೂ ಹೇಳ್ಬೇಡ ಅಂತ ಅಣ್ಣ ಅಂದಿದ್ದ. ಅದಕ್ಕೇ ಕತ್ತರಿಸಿ ಕಳಿಸಿದ್ದು."

ಗುರುವಾರ ಡಬಲ್ ಡ್ಯೂಟಿ ಎಂದು ಗಂಡ ಹೇಳುತ್ತಿದ್ದ. ಊರಿಗೆಲ್ಲ ಟಿಕೆಟ್ ತೋರಿಸು ಎಂದವಳು ಅವನ ಡ್ಯೂಟಿ ಚೀಟಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ, ತಾನು ಊಹಿಸಿದ್ದು ಸುಳ್ಳಾಯಿತಲ್ಲ ಎಂಬ ನೆಮ್ಮದಿಯೂ ಬಂತು. ಎರಡೂ ಒಟ್ಟಿಗೆ ಬಂದು ಕಣ್ಣಲ್ಲಿ ನೀರಾಡಿತು. ಹೊಸ್ತಿಲಾಚೆ ನಿಂತವಳು ಒಳಗೆ ಬಂದು ಕೂತಳು.

"ನೀನು ತಪ್ಪಾಯ್ತು ಅಂತ ಒಂದು ಮಾತು ಅಂದಿದ್ರೆ ಮುಗೀತಿತ್ತಲ್ಲೋ."

"ನೀವು ಒಂದು ಸಲ ಕರೆದಿದ್ರೂ ಮುಗೀತಿತ್ತು ಅತ್ತಿಗೆ."

ಮರುದಿನ ಇಬ್ಬರೂ ಕಾರ್ಡು ಹಿಡಿದು ಅಂಗಡಿಗೆ ಹೋದರು. ಅಂಗಡಿಯವನ ಮುಖ ಅರಳಿತು. "ಅಡ್ಡಕ್ಕೆ ಐದು ಸಾವಿರ ಚುಕ್ಕಿ ಮೇಡಂ! ಇದನ್ನ ಮುಟ್ಟೋದೇ ಬೇಡ, ಇದ್ದ ಹಾಗೇ ಎರಡಡಿಗೆ ಹಾಕ್ಬಹುದು. ಆದ್ರೆ ಯಜಮಾನ್ರ ಮುಖ ಮಾತ್ರ ಕತ್ತರಿಸಿ ತೆಗೆದ್ರೆ ಮತ್ತೆ ಸಾವಿರಕ್ಕೆ ಇಳಿಯುತ್ತೆ. ಅಂಗೈ ಅಗಲಕ್ಕೆ ಚೆನ್ನಾಗಿರುತ್ತೆ, ಗೋಡೆಗೆ ಆಗಲ್ಲ."

"ಅಂಗೈ ಅಗಲವೇ ಸಾಕು" ಎಂದ ಮೈದುನ ತಟಕ್ಕನೆ. "ನಾನು ಯಾಕೆ ಡಿಪೋದಲ್ಲಿ? ನೋಡಿದವ್ರು ಏನಂತಾರೆ?"

"ಕತ್ತರಿಸೋದು ಬೇಡ" ಎಂದಳು ಅವಳು. "ತಟ್ಟೆ, ಮೆಟ್ಟಿಲು, ಇವನು, ಎಲ್ಲ ಇರ್ಲಿ."

ಯಂತ್ರದಿಂದ ಕಾಗದ ಹೊರಬರುವವರೆಗೂ ಅಂಗಡಿಯವನ ಬೆನ್ನ ಹಿಂದಿನಿಂದ ಅವಳು ಕದಲಲಿಲ್ಲ. ಬಂದ ಮೇಲೆ ಬ್ಯಾಡ್ಜಿನ ಮೂರು ಅಂಕಿಗಳನ್ನೂ ಬೆರಳಿಟ್ಟು ಓದಿ ನೋಡಿದಳು.

ಡಿಪೋದಲ್ಲಿ ಫೋಟೋ ಏರಿಸುವ ದಿನ ಮೈದುನ ಅವಳ ಪಕ್ಕದಲ್ಲೇ ನಿಂತಿದ್ದ. ಮೇಲಿನ ಹೊದಿಕೆ ಸರಿಸಿದಾಗ ಹಳೆಯ ಡ್ರೈವರೊಬ್ಬ ಇನ್ನೊಬ್ಬನನ್ನು ತಿವಿದ. ಡ್ಯೂಟಿ ಹಾಕುವ ಕಂಟ್ರೋಲರು ಕೆಮ್ಮಿ, ಮೇಲಿನ ಫ್ಯಾನು ನೋಡತೊಡಗಿದ. ಅವನ ಕೈ ಮೆಲ್ಲಗೆ ಜೇಬಿಗೆ ಹೋಯಿತು.

ಚೆಕಿಂಗ್ ಅಕ್ಕ ತಿರುಗಿ ಒಬ್ಬೊಬ್ಬರನ್ನೇ ನೋಡಿದಳು.

"ಅಂದ್ರೆ ಗುರುವಾರದ ವಿಷಯ ನಿಮಗೆಲ್ಲರಿಗೂ ಗೊತ್ತಿತ್ತು."

ಮೈದುನನಿಗೆ ನಗು ತಡೆಯಲಾಗಲಿಲ್ಲ. ಅವಳು ಅವನನ್ನೊಮ್ಮೆ ಗದರುವಂತೆ ನೋಡಿ, ಖಾಲಿ ಕುರ್ಚಿಯೊಂದನ್ನು ಎಳೆದುಕೊಂಡು ಕಂಟ್ರೋಲರನ ಎದುರಿಗೆ ಕೂತಳು.

"ಹೇಳಿ. ಮೊದಲಿಂದ ಹೇಳಿ."